ಎದುರು ಬಾಗಿಲಿನ ಚಪ್ಪಲಿ

ಸೆಪ್ಟೆಂಬರ್ ೨, ಮಂಗಳವಾರ

ಇವರ ಚಪ್ಪಲಿ ಕಾಣುತ್ತಿಲ್ಲ.

ಸಂಜೆ ಫ್ಯಾಕ್ಟರಿಯಿಂದ ಬಂದು ಮೆಟ್ಟಿಲು ಹತ್ತುವಾಗಲೇ ಏನೋ ಖಾಲಿ ಖಾಲಿ ಅನ್ನಿಸಿತು. ಮೇಲೆ ಬಂದು ನೋಡಿದರೆ ಬಾಗಿಲ ಪಕ್ಕದಲ್ಲಿ ಬರೀ ನೆಲ. ಅವು ಇದ್ದ ಜಾಗದಷ್ಟೇ ಧೂಳಿಲ್ಲದೆ ಸ್ವಚ್ಛವಾಗಿತ್ತು. ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಹುಡುಕಿದೆ. ಮೆಟ್ಟಿಲ ಕೆಳಗೆ, ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಹಿಂದೆ, ಕಸದ ಡಬ್ಬಿಯೊಳಗೆ. ನಾಯಿ ಎತ್ತಿಕೊಂಡು ಹೋಗಿದ್ದರೆ ಒಂದನ್ನು ಎತ್ತಿಕೊಂಡು ಹೋಗಿರಬೇಕು. ಜೋಡಿ ಎತ್ತುವಷ್ಟು ಶಿಸ್ತಿನ ನಾಯಿ ಈ ಬೀದಿಯಲ್ಲಿಲ್ಲ.

ಆವತ್ತು ಇವರು ಬೂಟು ಹಾಕಿಕೊಂಡು ಹೋಗಿದ್ದರು. ಲಿಫ್ಟ್ ರಿಪೇರಿಯವರಿಗೆ ಬೂಟು ಕಡ್ಡಾಯ. ಮಧ್ಯಾಹ್ನ ಯಾವುದೋ ಆಫೀಸಿನ ಮೇಲಿನ ಮಹಡಿಯಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ಬೂಟನ್ನು ಆಸ್ಪತ್ರೆಯವರು ಚೀಲದಲ್ಲಿ ಹಾಕಿ ಕೊಟ್ಟರು, ಅದನ್ನು ಅಣ್ಣ ಎಲ್ಲಿಗೆ ಒಯ್ದನೋ ಕೇಳಲಿಲ್ಲ. ಬಟ್ಟೆಗಳನ್ನು ಅತ್ತಿಗೆ ಗಂಟು ಕಟ್ಟಿ ಯಾರಿಗೋ ಕೊಟ್ಟಳು. ಚಪ್ಪಲಿ ಮಾತ್ರ ಬಾಗಿಲಲ್ಲೇ ಉಳಿಯಿತು.

ಮೊದಮೊದಲು ಮರೆತಿದ್ದೆ. ಒಂದು ದಿನ ಗ್ಯಾಸಿನವನು ಬಂದು ಚಪ್ಪಲಿ ನೋಡಿ, "ಸಾರ್ ಇದಾರಾ?" ಅಂದ. "ಸ್ನಾನಕ್ಕೆ ಹೋಗಿದಾರೆ" ಅಂದುಬಿಟ್ಟೆ. ಅವನ ದನಿ ತಕ್ಷಣ ಮೆತ್ತಗಾಯಿತು. ಒಬ್ಬಳೇ ಇರುವ ಹೆಂಗಸಿನ ಬಾಗಿಲಲ್ಲಿ ಗಂಡಸಿನ ಚಪ್ಪಲಿ ಇದ್ದರೆ ಬಂದವರು ಹೊಸ್ತಿಲಿನಿಂದ ಎರಡು ಹೆಜ್ಜೆ ಹಿಂದೆ ನಿಂತು ಮಾತಾಡುತ್ತಾರೆ. ಅಂದಿನಿಂದ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಬಗ್ಗಿ ಅವನ್ನು ಸ್ವಲ್ಪ ತಿರುಗಿಸಿ ಇಡುತ್ತೇನೆ. ಇವರು ಯಾವತ್ತೂ ಜೋಡಿಸಿ ಬಿಟ್ಟವರಲ್ಲ. ಒಂದು ಒಂದು ಕಡೆ ನೋಡಿದರೆ ಇನ್ನೊಂದು ಮುಖ ತಿರುಗಿಸಿಕೊಂಡಿರುತ್ತಿತ್ತು, ಜಗಳ ಆಡಿದ ಗಂಡ ಹೆಂಡತಿ ಥರ.

ಅಡುಗೆ ಮಾಡಲಿಲ್ಲ. ಬೆಳಗಿನದೇ ಇತ್ತು. ಹಸಿವೂ ಇಲ್ಲ.

ಸೆಪ್ಟೆಂಬರ್ ೩, ಬುಧವಾರ

ಸಿಕ್ಕಿತು!

ಎದುರು ಮನೆ ಬಾಗಿಲಲ್ಲಿದೆ. ಎಂಥ ಎದೆಗಾರಿಕೆ ನೋಡಿ. ಕದ್ದವರು ಬಚ್ಚಿಡುತ್ತಾರೆ. ಎದುರು ಮನೆಯವರು ನಾಲ್ಕು ಹೆಜ್ಜೆ ಆಚೆ, ನನ್ನ ಬಾಗಿಲು ತೆಗೆದರೆ ನೇರ ಕಣ್ಣಿಗೆ ಬೀಳುವ ಹಾಗೆ, ಜೋಡಿಸಿ ಇಟ್ಟಿದ್ದಾರೆ. ನನ್ನ ಕಣ್ಣಿಗೇ ಮಣ್ಣೆರಚುವ ಆಟ. ಬಲಗಾಲಿನ ಪಟ್ಟಿಗೆ ಕಂದು ನೂಲಿನ ಹೊಲಿಗೆ ಇದೆ. ಮೋಚಿಯ ಹತ್ತಿರ ಕಪ್ಪು ನೂಲು ಮುಗಿದಿತ್ತಂತೆ, ಇವರು "ಇರಲಿ ಬಿಡಪ್ಪ" ಅಂದು ಹಾಕಿಸಿಕೊಂಡು ಬಂದಿದ್ದರು. ಕಪ್ಪು ಚಪ್ಪಲಿಗೆ ಕಂದು ನೂಲು! ಆ ದಿನ ಎಷ್ಟು ಜಗಳ ಆಡಿದ್ದೆ.

ಎದುರು ಮನೆಗೆ ಬೇಸಿಗೆಯಲ್ಲಿ ಬಂದವರು. ಹೆಂಡತಿ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಸಣ್ಣ ಹುಡುಗಿ, ಮಾತಾಡಿದರೆ ಕಿವಿ ಹತ್ತಿರ ತರಬೇಕು. ಗಂಡ ವ್ಯಾನ್ ಓಡಿಸುತ್ತಾನೆ. ಅವನ ಮುಖ ನೆನಪಿಲ್ಲ, ಮೀಸೆ ನೆನಪಿದೆ. ಆ ಮೀಸೆಗೆ ಒಂದು ಜೊತೆ ಚಪ್ಪಲಿ ಕೊಳ್ಳುವ ಯೋಗ್ಯತೆ ಇಲ್ಲವಾ? ಇವರ ಪಾದ ಸವೆಸಿದ ಜಾಗದಲ್ಲಿ ಅವನ ಪಾದ ಅಂತ ಯೋಚಿಸಿದರೆ ಮೈಯೆಲ್ಲ ಉರಿಯುತ್ತದೆ. ಆ ಅಟ್ಟೆಯ ಮೇಲೆ ಇವರ ಐದು ಬೆರಳಿನ ಗುಳಿ ಹಾಗೇ ಇದೆ. ಫೋಟೋದಲ್ಲಿ ಇವರು ಬಿಗಿದುಕೊಂಡು ನಿಂತಿರುತ್ತಾರೆ. ಇವರ ಹಾಗೇ ಇರುವುದು ಅದೊಂದೇ.

ಬಾಗಿಲು ತಟ್ಟಲು ಕೈ ಎತ್ತಿದೆ. ಮತ್ತೆ ಇಳಿಸಿದೆ. ಏನಂತ ಕೇಳುವುದು? ನಿಮ್ಮ ಯಜಮಾನರು ಎಲ್ಲಿ, ಅವರೇ ಬಂದು ಕೇಳಲಿ ಅಂದರೆ?

ಸೆಪ್ಟೆಂಬರ್ ೫, ಶುಕ್ರವಾರ

ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ಹೇಳಿದೆ. ಹೇಳಬಾರದಿತ್ತು. ಇಡೀ ಲೈನಿಗೆ ಹಬ್ಬಿತು. ಇಸ್ತ್ರಿ ಟೇಬಲ್ಲಿನವಳು, "ನೀನೂ ಅವರ ಬಕೆಟ್ ಎತ್ತಾಕ್ಕೊಂಡ್ ಬಾ, ಲೆಕ್ಕ ಸರಿಹೋಗುತ್ತೆ" ಅಂದಳು. ಸೂಪರ್‌ವೈಸರ್ ಪೊಲೀಸರಿಗೆ ಕೊಡಿ ಅಂದ. ಹಳೇ ಚಪ್ಪಲಿ ಕಳೆದಿದೆ ಅಂತ ಸ್ಟೇಷನ್ನಿಗೆ ಹೋದರೆ ಅವರು ನನ್ನನ್ನೇ ಒಳಗೆ ಕೂರಿಸುತ್ತಾರೆ. ಗುಂಡಿ ಹೊಲಿಯುವವಳು ಮಾತ್ರ ಮೆಲ್ಲಗೆ, "ಹೋಗ್ಲಿ ಬಿಡಕ್ಕ, ಚಪ್ಪಲಿ ತಾನೇ" ಅಂದಳು. ಅವಳ ಮೇಲೇ ಹೆಚ್ಚು ಸಿಟ್ಟು ಬಂತು.

ನನ್ನದು ಚೆಕ್ಕರ್ ಕೆಲಸ. ಅಂಗಿಗಳು ಒಂದರ ಹಿಂದೆ ಒಂದು ಬರುತ್ತವೆ. ಹೊಲಿಗೆ ತಪ್ಪಿದ್ದರೆ, ಕಲೆ ಇದ್ದರೆ ಅಲ್ಲಿಗೆ ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಬೈಯುವ ಹಾಗಿಲ್ಲ, ಯಾರು ಮಾಡಿದ್ದು ಅಂತ ಕೇಳುವ ಹಾಗಿಲ್ಲ. ಬಾಣ ಅಂಟಿಸಿದರೆ ಆಯಿತು, ಮಾಡಿದವರಿಗೆ ತಿಳಿಯುತ್ತದೆ.

ಇವತ್ತು ಒಂದು ಬಾಣ ಮನೆಗೆ ತಂದೆ. ಎದುರು ಬಾಗಿಲಿಗೆ ಹೋಗಿ ಬಲ ಚಪ್ಪಲಿಯ ಕಂದು ಹೊಲಿಗೆಗೆ ಸರಿಯಾಗಿ ಅಂಟಿಸಿ ಬಂದೆ. ನೋಡಲಿ ಮೀಸೆ. ನಾಳೆ ಕಾಲು ಹಾಕುವಾಗ ಚುರುಕ್ ಅನ್ನಲಿ.

ಸೆಪ್ಟೆಂಬರ್ ೭, ಭಾನುವಾರ

ಅಣ್ಣನ ಫೋನು. ಅದೇ ರಾಗ. "ಭಾವ ತೀರಿಕೊಂಡು ವರ್ಷ ಆಗ್ತಾ ಬಂತು ಪುಟ್ಟಿ, ಇನ್ನೂ ಎಷ್ಟು ದಿನ ಒಬ್ಳೇ ಇರ್ತೀಯ? ಇಲ್ಲಿ ಒಂದು ರೂಮು ಖಾಲಿ ಇದೆ." ಖಾಲಿ ರೂಮು ಅಂದರೆ ಅತ್ತಿಗೆ ಹೊಲಿಗೆ ಮಷೀನು, ಹಳೇ ಪೇಪರು ತುಂಬಿಟ್ಟ ರೂಮು. ಚಪ್ಪಲಿ ವಿಷಯ ಹೇಳಲಿಲ್ಲ. ಹೇಳಿದ್ದರೆ ಸಂಜೆಯೇ ಗಾಡಿ ತಂದು ಸಾಮಾನು ಏರಿಸುತ್ತಿದ್ದ. ನಾನು ಹೋದರೆ ಇವರು ಬಂದು...

ಏನು ಬರೆಯುತ್ತಿದ್ದೇನೆ ನಾನು.

ಟೆರೇಸಿನಲ್ಲಿ ಬಟ್ಟೆ ಹರವುವಾಗ ಓನರಮ್ಮ ಸಿಕ್ಕರು. ಅಣ್ಣನ ಮೇಲಿನ ಸಿಟ್ಟು, ಮೀಸೆಯ ಮೇಲಿನ ಸಿಟ್ಟು ಎಲ್ಲ ಸೇರಿ ಬಾಯಿಂದ ಹೊರಗೆ ಬಂದೇಬಿಟ್ಟಿತು. ಕಂದು ನೂಲಿನ ಗುರುತನ್ನೂ ಹೇಳಿದೆ.

"ಹೌದಾ? ಅಯ್ಯೋ, ನೋಡೋಕೆ ಎಷ್ಟು ಸಂಭಾವಿತನ ಥರ ಇದಾನೆ! ಸಂಸಾರಸ್ಥರು ಅಂತ ತಾನೇ ಮನೆ ಕೊಟ್ಟಿದ್ದು. ನಮ್ಮನೆಯವರಿಗೆ ಹೇಳ್ತೀನಿ, ಮುಂದಿನ ಭಾನುವಾರ ಕರೆಸಿ ಕೇಳ್ತೀವಿ. ನಿಮ್ಮೆದುರಿಗೇ ಕೇಳ್ತೀವಿ."

ಕೇಳಲಿ. ಎಲ್ಲರೆದುರೂ ಮೀಸೆ ತಗ್ಗಲಿ. ಬಟ್ಟೆ ಹಿಂಡುವಾಗ ಕೈಗೆ ಹೊಸ ಬಲ ಬಂದಂತಿತ್ತು.

ಸೆಪ್ಟೆಂಬರ್ ೯, ಮಂಗಳವಾರ

ಬಾಣ ಹಾಗೇ ಇದೆ. ದಪ್ಪ ಚರ್ಮದವರು.

ಸೆಪ್ಟೆಂಬರ್ ೧೧, ಗುರುವಾರ

ಬಾಣ ಹಾಗೇ ಇರುವುದು ಹೇಗೆ?

ಒಂದು ಸಲ ಕಾಲು ಹಾಕಿದ್ದರೂ ಅದರ ತುದಿ ಏಳಬೇಕು. ಆ ಸ್ಟಿಕ್ಕರಿನ ಗೋಂದು ನನಗೆ ಗೊತ್ತಿಲ್ಲವಾ? ಬೆಳಿಗ್ಗೆ ಬಗ್ಗಿ ನೋಡಿದೆ. ಚಪ್ಪಲಿಯ ಮೇಲೆ ಧೂಳು ಕೂತಿದೆ. ಇಟ್ಟಲ್ಲಿಂದ ಒಂದು ಬೆರಳಿನಷ್ಟೂ ಕದಲಿಲ್ಲ. ತೊಡುವುದಿಲ್ಲ ಅಂದಮೇಲೆ ಕದ್ದಿದ್ದು ಯಾಕೆ?

ದಿನವಿಡೀ ಅಂಗಿಗಳ ಮಧ್ಯೆ ಇದೇ ತಲೆ ಕೊರೆಯಿತು. ಒಂದು ಕಾಲರ್ ತಪ್ಪಿದ ಅಂಗಿಯನ್ನು ಸರಿಯಿದೆ ಅಂತ ಬಿಟ್ಟೆ, ಸೂಪರ್‌ವೈಸರ್ ಕನ್ನಡಕದ ಮೇಲಿಂದ ನೋಡಿದ.

ಸಂಜೆ ಟೆರೇಸಿಗೆ ಹೋಗಿ ಎದುರು ಮನೆಯವರ ಹಗ್ಗ ನೋಡಿದೆ. ಎರಡು ಚೂಡಿದಾರು, ಒಂದು ನೈಟಿ, ಒಂದು ಟವೆಲು. ಗಂಡಸಿನ ಒಂದು ಬನಿಯನ್ ಇಲ್ಲ. ಹೋದ ವಾರವೂ ಇರಲಿಲ್ಲ, ಈಗ ನೆನಪಾಗುತ್ತದೆ. ಬಟ್ಟೆ ನೋಡುವುದೇ ಹೊಟ್ಟೆಪಾಡಾಗಿರುವ ನನಗೆ ಇಷ್ಟು ದಿನ ಇದು ಕಾಣಲಿಲ್ಲ.

ಕೆಳಗೆ ಬರುವಾಗ ಅವಳು ಕೆಲಸದಿಂದ ಬಂದು ಬೀಗ ತೆಗೆಯುತ್ತಿದ್ದಳು. ನನ್ನನ್ನು ನೋಡಲಿಲ್ಲ. ಬಾಗಿಲು ತಳ್ಳಿ, ಕೆಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ, "ರೀ, ಬಂದೆ. ಕಾಫಿ ಇಡ್ಲಾ?" ಅಂದಳು. ಆ ಪಿಸುಮಾತಿನ ಹುಡುಗಿ! ಹೊರಗಿನಿಂದ ಬೀಗ ಹಾಕಿದ ಮನೆಯೊಳಗೆ ಯಾರಿಗೆ ಕಾಫಿ?

ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಾನೂ ಹಾಗೇ ಅನ್ನುತ್ತೇನೆ, ದಿನಾ. ಕಾಫಿಯ ಬದಲು ಟೀ, ಅಷ್ಟೇ.

ಸೆಪ್ಟೆಂಬರ್ ೧೩, ಶನಿವಾರ

ಅವಳೇ ಬಂದಳು. ನಾನು ತರಕಾರಿ ಹೆಚ್ಚುತ್ತಿದ್ದೆ. ಬಾಗಿಲು ಅರ್ಧ ತೆಗೆದಿತ್ತು. ಒಳಗೆ ಬಾ ಅನ್ನಲಿಲ್ಲ, ಅವಳೂ ಬರಲಿಲ್ಲ, ಹೊಸ್ತಿಲ ಆಚೆ ನಿಂತಳು.

"ಅಕ್ಕ, ತಪ್ಪಾಯ್ತು."

"ತಪ್ಪಾಯ್ತು ಅನ್ನೋಕೆ ಇಷ್ಟು ದಿನ ಬೇಕಿತ್ತಾ?"

"ನೀವು ಬಾಣ ಅಂಟಿಸಿದ ದಿನಾನೇ ಗೊತ್ತಾಯ್ತು, ನಿಮಗೆ ಗೊತ್ತಾಗಿದೆ ಅಂತ. ಅದನ್ನ ತೆಗೆಯೋಕೆ ಕೈ ಬರಲಿಲ್ಲ ಅಕ್ಕ. ಚಪ್ಪಲೀನ ಇಟ್ಟಮೇಲೆ ಮುಟ್ಟಿಲ್ಲ."

ಮೀಸೆ ಹೋಗಿ ಎಷ್ಟೋ ದಿನ ಆಯಿತಂತೆ. ಬಾಡಿಗೆಗೆ ವ್ಯಾನ್ ಹೋಗುತ್ತಿದೆ, ಎರಡು ದಿನ ಬರಲ್ಲ ಅಂದವನು ಬಟ್ಟೆ, ಬೆಲ್ಟು, ಕೊನೆಗೆ ಶೇವಿಂಗ್ ಬ್ರಷ್ಷನ್ನೂ ತಗೊಂಡು ಹೋಗಿದ್ದಾನೆ. ಫೋನ್ ಸ್ವಿಚ್ ಆಫ್. ಅವನಿಗೆ ಬೇರೆ ಊರಲ್ಲಿ ಇನ್ನೊಂದು ಸಂಸಾರ ಇದೆ ಅಂತ ಅವನ ಸ್ನೇಹಿತನೇ ಹೇಳಿದನಂತೆ. ತವರಿಗೆ ಹೋಗುವ ಹಾಗಿಲ್ಲ, ಅವನನ್ನು ಕಟ್ಟಿಕೊಂಡ ದಿನವೇ ಅಲ್ಲಿ ಬಾಗಿಲು ಮುಚ್ಚಿದೆ. ಒಂಟಿ ಹೆಂಗಸಿಗೆ ಇಲ್ಲಿ ಮನೆ ಕೊಡುವುದಿಲ್ಲ. ಅವಳಿಗಿಂತ ಮುಂಚೆ ಆ ಮನೆಯಲ್ಲಿದ್ದ ನರ್ಸ್ ಒಬ್ಬಳೇ ಇದ್ದಾಳೆ ಅಂತ ತಿಳಿದ ವಾರವೇ ಓನರಮ್ಮ ಖಾಲಿ ಮಾಡಿಸಿದ್ದು ನನಗೂ ಗೊತ್ತು. ನನ್ನನ್ನು ಉಳಿಸಿಕೊಂಡದ್ದು, "ನಿಮ್ದು ಬೇರೆ ವಿಷಯ ಬಿಡಿ" ಅನ್ನುವ ದೊಡ್ಡ ಮನಸ್ಸಿನಿಂದ.

"ಒಂದು ಜೊತೆ ಕೊಂಡ್ಕೊಂಡು ಇಡಬಾರದಿತ್ತಾ?" ಅಂದೆ.

"ಹೊಸದಿಟ್ರೆ ಹೊಸದು ಅಂತ ಗೊತ್ತಾಗುತ್ತೆ ಅಕ್ಕ. ಓನರಮ್ಮ ದಿನಾ ಟೆರೇಸಿಗೆ ಹೋಗ್ತಾರಲ್ಲ, ಕಣ್ಣೆಲ್ಲ ನಮ್ಮ ಬಾಗಿಲ ಮೇಲೇನೇ. ಸವೆದಿರೋದು ಬೇಕಿತ್ತು." ಮತ್ತೆ ಅಂದಳು, "ನೀವು ಬೆಳಿಗ್ಗೆ ತಿರುಗಿಸಿ ಇಡೋದನ್ನ ಕಿಟಕಿಯಿಂದ ನೋಡ್ತಿದ್ದೆ. ನೀವು ಒಬ್ರೇ ಇದ್ರೂ ನಿಮಗೇನೂ ಆಗ್ತಿರಲಿಲ್ಲ. ಅದು ಆ ಚಪ್ಪಲಿಯಿಂದಾನೇ ಅನ್ಕೊಂಡೆ."

ನಾನು ತಿರುಗಿಸಿ ಇಡುವುದನ್ನು ಒಬ್ಬರು ನೋಡಿದ್ದಾರೆ ಅಂತ ಕೇಳಿ ನನಗೆ ಬಟ್ಟೆ ಕಳಚಿದಷ್ಟು ನಾಚಿಕೆಯಾಯಿತು. ಆ ನಾಚಿಕೆ ಬಾಯಿಗೆ ಬರುವಾಗ ಸಿಟ್ಟಾಗಿ ಬಂತು.

"ಅದು ನಿನ್ನ ಕಾವಲಿಗೆ ಇಟ್ಟಿರೋ ಸಾಮಾನಲ್ಲ. ಬೆಳಿಗ್ಗೆ ನನ್ನ ಬಾಗಿಲಲ್ಲಿ ಇರಬೇಕು."

"ನಾಳೆ ಓನರಮ್ಮ ಮೇಲೆ ಬರ್ತಾರಂತೆ ಅಕ್ಕ. ನಮ್ಮನೆಯವರನ್ನ ಮನೇಲೇ ಇರೋಕೆ ಹೇಳು ಅಂದಿದಾರೆ. ನಾನೇನ್ ಹೇಳ್ಲಿ?"

"ಅದು ನಿನಗೆ ಬಿಟ್ಟಿದ್ದು" ಅಂದು ಬಾಗಿಲು ಹಾಕಿದೆ.

ತಪ್ಪು ನನ್ನದಲ್ಲ. ಕದ್ದವಳು ಅವಳು. ದೂರು ಕೊಟ್ಟದ್ದು ನಾನೇ ಇರಬಹುದು, ಆದರೆ ಕದ್ದವಳು ಅವಳು. ತರಕಾರಿ ಸಣ್ಣಗೆ ಹೆಚ್ಚಿ, ಹೆಚ್ಚಿ, ಯಾವುದಕ್ಕೂ ಬಾರದ ಹಾಗೆ ಮಾಡಿಬಿಟ್ಟೆ.

ಸೆಪ್ಟೆಂಬರ್ ೧೪, ಭಾನುವಾರ

ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಚಪ್ಪಲಿ ಇನ್ನೂ ಎದುರು ಮನೆ ಮುಂದೆಯೇ ಇದೆ. ಅವಳಿಗೆ ಧೈರ್ಯ ಬಂದಿಲ್ಲ. ಸರಿ, ನಾನೇ ತರುತ್ತೇನೆ, ನನ್ನದು ನನಗೆ, ಆಮೇಲೆ ಅವಳುಂಟು ಅವರುಂಟು ಅಂದುಕೊಂಡು ಹೋಗಿ ಎರಡನ್ನೂ ಕೈಗೆ ತಗೊಂಡೆ. ಎಷ್ಟು ದಿನದ ಮೇಲೆ ಮುಟ್ಟುತ್ತಿದ್ದೇನೆ. ಹೆಬ್ಬೆರಳಿನ ಗುಳಿಯಲ್ಲಿ ನನ್ನ ಹೆಬ್ಬೆರಳು ತಾನಾಗಿ ಹೋಗಿ ಕೂತಿತು. ಅಷ್ಟರಲ್ಲಿ ಮೆಟ್ಟಿಲಲ್ಲಿ ಸದ್ದು. ಓನರಮ್ಮ ಮುಂದೆ, ಓನರು ಹಿಂದೆ.

"ಓಹೋ, ಸಿಕ್ತಾ? ಇದೇನಾ? ನೂಲೂ ಇದೆಯಲ್ಲ ಕಂದು. ಸರಿಯಾಗಿ ಸಿಕ್ಕಿಹಾಕ್ಕೊಂಡ. ಎಲ್ಲಿ ಅವನು? ಏಯ್ ಹುಡುಗಿ, ಕರಿ ನಿನ್ನ ಗಂಡನ್ನ!"

ಬಾಗಿಲು ತೆರೆಯಿತು. ಅವಳು ನಿಂತಿದ್ದಳು. ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದಳು. ಹಿಂದೆ ಗೋಡೆಗೆ ಒರಗಿಸಿದ ಸೂಟ್‌ಕೇಸ್ ಕಂಡಿತು. ರಾತ್ರಿಯೇ ಕಟ್ಟಿಟ್ಟಿದ್ದಾಳೆ. ನನ್ನನ್ನು ನೋಡಲಿಲ್ಲ. ನೆಲ ನೋಡುತ್ತಿದ್ದಳು.

"ಇದು ನಮ್ಮದಲ್ಲ" ಅಂದೆ.

ಅಂದದ್ದು ನಾನೇ ಅಂತ ನನಗೆ ಆಮೇಲೆ ಗೊತ್ತಾಯಿತು.

"ನಮ್ಮದಲ್ಲ ಅಂದ್ರೆ? ನೀವೇ ಹೇಳಿದ್ರಲ್ಲ, ಕಪ್ಪು ಚಪ್ಪಲಿ, ಕಂದು ನೂಲು..."

"ನಮ್ಮದಕ್ಕೆ ಹೊಲಿಸಿದ್ದು ಎಡಗಾಲಿಗೆ ಅಮ್ಮಾ. ಇದು ಬಲಗಾಲು. ಬೀದಿ ಕೊನೇಲಿ ಒಬ್ಬನೇ ಮೋಚಿ ಇರೋದು, ಎಲ್ಲರಿಗೂ ಅದೇ ನೂಲು ಹಾಕ್ತಾನೆ. ದಾರಿಗೆ ಅಡ್ಡ ಬಿದ್ದಿತ್ತು, ಸರಿಸೋಣ ಅಂತ ಎತ್ತಿದೆ." ಮಾತಾಡುತ್ತಲೇ ಉಗುರಿನಿಂದ ಬಾಣವನ್ನು ಕಿತ್ತು ಅಂಗೈಯಲ್ಲಿ ಮುಚ್ಚಿಕೊಂಡೆ. ಇಷ್ಟು ವರ್ಷದ ಕೆಲಸದಲ್ಲಿ ಅಂಟಿಸಿದ ಬಾಣವನ್ನು ನಾನೇ ಕಿತ್ತದ್ದು ಇದೇ ಮೊದಲು.

"ಇವಳ ಗಂಡ ಎಲ್ಲಿ ಹಾಗಾದ್ರೆ?" ಓನರು ಕೇಳಿದರು.

"ರಾತ್ರಿಯೆಲ್ಲ ವ್ಯಾನ್ ಓಡಿಸಿ ಬೆಳಿಗ್ಗೆ ತಾನೇ ಬಂದು ಮಲಗಿದಾನೆ. ನಾನೇ ನೋಡ್ದೆ. ಎಬ್ಬಿಸ್ಬೇಕಾ?"

"ಬೇಡ ಬಿಡಿ, ಮಲಗ್ಲಿ" ಅಂದು ಅವರು ಇಳಿಯಲು ಶುರುಮಾಡಿದರು. ಅವರಿಗೆ ಪೇಪರ್ ಓದುವುದು ಬಾಕಿ ಇತ್ತು. ಓನರಮ್ಮ ಮಾತ್ರ ಕದಲಲಿಲ್ಲ.

"ಮತ್ತೆ ನಿಮ್ಮದೆಲ್ಲಿ?"

"ಸಿಕ್ತು. ಟ್ಯಾಂಕಿನ ಹಿಂದೆ ಬಿದ್ದಿತ್ತು."

"ಎಲ್ಲಿ? ಬಾಗಿಲಲ್ಲಿ ಕಾಣ್ತಿಲ್ಲ?"

"ಬಿಸಾಕಿದೆ ಅಮ್ಮಾ. ಸತ್ತವರ ಚಪ್ಪಲಿ ಇಟ್ಕೊಂಡು ಏನ್ಮಾಡ್ಲಿ?"

ಓನರಮ್ಮನ ಮುಖ ಸಪ್ಪಗಾಯಿತು. ನನ್ನ ತೋಳು ಮುಟ್ಟಿ ಇಳಿದು ಹೋದರು. ನಾನು ಬಗ್ಗಿ ಚಪ್ಪಲಿಯನ್ನು ಎದುರು ಮನೆಯ ಬಾಗಿಲಲ್ಲಿ ಇಟ್ಟೆ. ನನ್ನ ಕೈಯಾರೆ ಇಟ್ಟೆ. ಅವಳು ಹೊಸ್ತಿಲ ಮೇಲೆ ಕುಸಿದು ಕೂತು ಅಳುತ್ತಿದ್ದಳು. ಸಮಾಧಾನ ಮಾಡಲು ನನ್ನಿಂದ ಆಗಲಿಲ್ಲ. ಒಳಗೆ ಬಂದೆ.

ಆ ಮಾತು ನನ್ನ ಬಾಯಿಗೆ ಹೇಗೆ ಬಂತೋ. ಇವರಿಗೆ ಕೇಳಿಸಿದ್ದರೆ ಎಷ್ಟು ನೊಂದುಕೊಳ್ಳುತ್ತಿದ್ದರು.

ಸೆಪ್ಟೆಂಬರ್ ೧೫, ಸೋಮವಾರ

ಕೆಲಸಕ್ಕೆ ಹೋಗಲಿಲ್ಲ. ಮಲಗಿದ್ದೆ.

ಸೆಪ್ಟೆಂಬರ್ ೨೦, ಶನಿವಾರ

ಆ ಹುಡುಗಿಗೆ ಸುಳ್ಳನ್ನೂ ಸರಿಯಾಗಿ ಹೇಳಲು ಬರುವುದಿಲ್ಲ. ಚಪ್ಪಲಿಯನ್ನು ಮತ್ತೆ ಜೋಡಿಸಿ, ಗೋಡೆಗೆ ಸಮವಾಗಿ, ಅಂಗಡಿಯ ಗಾಜಿನಲ್ಲಿಟ್ಟ ಹಾಗೆ ಇಟ್ಟಿದ್ದಳು. ನೋಡಿ ನೋಡಿ ಸಾಕಾಗಿ ಬಾಗಿಲು ತಟ್ಟಿದೆ.

"ಗಂಡಸರ ಚಪ್ಪಲಿ ಎಲ್ಲಾದ್ರೂ ಹೀಗಿರುತ್ತೇನೇ? ಯಾರು ನಂಬ್ತಾರೆ?"

"ಮುಟ್ಟೋಕೆ ಭಯ ಆಗುತ್ತೆ ಅಕ್ಕ. ನಿಮ್ಮೆಜಮಾನ್ರದ್ದು."

"ಭಯಪಟ್ರೆ ಓನರಮ್ಮ ಬಿಡ್ತಾರಾ? ಇಲ್ಲಿ ನೋಡು. ಒಂದನ್ನ ಹೀಗೆ. ಇನ್ನೊಂದು ಸ್ವಲ್ಪ ದೂರ, ಓರೆಯಾಗಿ. ಕೆಲವು ದಿನ ಒಂದು ಮಗುಚಿಕೊಂಡಿದ್ರೂ ಪರವಾಗಿಲ್ಲ. ಮಳೆ ಬಂದ ದಿನ ಸ್ವಲ್ಪ ಒದ್ದೆ ಮಾಡು. ಹಗ್ಗದ ಮೇಲೆ ಒಂದು ಶರ್ಟು ಹಾಕು, ನಮ್ಮ ಫ್ಯಾಕ್ಟರೀಲಿ ತಪ್ಪಾಗಿರೋವು ಸಿಗ್ತವೆ, ತಂದುಕೊಡ್ತೀನಿ."

ಅವಳು ತುಂಬಾ ಗಮನ ಕೊಟ್ಟು ಕಲಿತಳು. ಮಧ್ಯೆ ಇದ್ದಕ್ಕಿದ್ದಂತೆ ನಗು ಬಂತು ಅವಳಿಗೆ. ನನಗೂ ಬಂತು. ಇಬ್ಬರೂ ಬಾಯಿಗೆ ಸೆರಗು, ದುಪಟ್ಟಾ ಅಡ್ಡ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳು, "ಬೇರೆ ಕಡೆ ರೂಮು ಸಿಕ್ಕ ತಕ್ಷಣ ಇದನ್ನ ವಾಪಸ್ ಕೊಡ್ತೀನಿ ಅಕ್ಕ" ಅಂದಳು.

"ಅಲ್ಲೂ ಬಾಗಿಲು ಇರುತ್ತಲ್ಲ" ಅಂದೆ.

ಸಂಜೆ ಅಣ್ಣ ಫೋನ್ ಮಾಡಿದ್ದ. ಈಗ ಬರುವುದಿಲ್ಲ, ಇಲ್ಲಿ ಸ್ವಲ್ಪ ಕೆಲಸ ಇದೆ ಅಂದೆ. ಏನು ಕೆಲಸ ಅಂದ. ಟೀ ಉಕ್ಕುತ್ತಿದೆ ಅಂದು ಫೋನ್ ಇಟ್ಟೆ.

ಅಕ್ಟೋಬರ್ ೪, ಶನಿವಾರ

ಇವತ್ತು ಫ್ಯಾಕ್ಟರಿಯಲ್ಲಿ ಅರ್ಜೆಂಟ್ ಆರ್ಡರು, ಕಣ್ಣು ಉರಿಯುವಷ್ಟು ಕೆಲಸ. ಏನೂ ಯೋಚಿಸದೆ ಮೆಟ್ಟಿಲು ಹತ್ತುತ್ತಿದ್ದೆ. ಎದುರು ಮನೆಯ ಬಾಗಿಲಲ್ಲಿ ಚಪ್ಪಲಿ ಕಂಡಿತು. ಒಂದು ನೆಟ್ಟಗೆ, ಇನ್ನೊಂದು ಮುಖ ತಿರುಗಿಸಿಕೊಂಡು. ಈಗ ತಾನೇ ಕಾಲಿನಿಂದ ಜಾಡಿಸಿ ಬಿಟ್ಟು ಒಳಗೆ ಹೋದ ಹಾಗೆ.

ಇವರು ಬಂದಿದ್ದಾರೆ. ಇಷ್ಟು ದಿನ ಎಲ್ಲೋ ಇದ್ದು, ಸುಸ್ತಾಗಿ ಬಂದು, ಬಾಗಿಲು ತಪ್ಪಿ ಆ ಮನೆಗೆ ಹೋಗಿಬಿಟ್ಟಿದ್ದಾರೆ.

"ರೀ, ನಮ್ಮನೆ ಈ ಕಡೆ" ಅಂದೆ. ಗಟ್ಟಿಯಾಗಿಯೇ ಅಂದೆ.

ಬಾಗಿಲು ತೆಗೆದು ಅವಳು ಹೊರಗೆ ಬಂದಳು. "ಕರೆದ್ರಾ ಅಕ್ಕ?"

ಅವಳ ಹಿಂದೆ ದೀಪ ಹಾಕಿದ ಕೋಣೆ ಪೂರ್ತಿ ಕಾಣುತ್ತಿತ್ತು. ಒಂದು ಕುರ್ಚಿ, ಒಂದು ಚಾಪೆ. ಯಾರೂ ಇರಲಿಲ್ಲ.

"ಇಲ್ಲಮ್ಮ. ಯಾರನ್ನೂ ಕರೀಲಿಲ್ಲ" ಅಂದೆ. ಆವತ್ತು ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಅಣ್ಣನ ಎದುರು ಅತ್ತಿರಲಿಲ್ಲ. ಸಂಜೆಗೆ ಬರುವವರಿಗಾಗಿ ಯಾರು ಅಳುತ್ತಾರೆ? ಇವತ್ತು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಅಲ್ಲೇ ನಿಂತು ಅತ್ತೆ. ಅವಳು ಹತ್ತಿರ ಬಂದಳು. ಬ್ಯಾಗನ್ನು ಮೆಲ್ಲಗೆ ಹೆಗಲಿನಿಂದ ತೆಗೆದುಕೊಂಡು, ನನ್ನ ಕೈಯಿಂದ ಬೀಗದ ಕೈ ಇಸಿದುಕೊಂಡು, ನನ್ನ ಬಾಗಿಲು ತೆಗೆದಳು. ಒಳಗೆ ಕತ್ತಲಿತ್ತು. ಅವಳೇ ಮೊದಲು ಹೋಗಿ ದೀಪ ಹಾಕಿದಳು.